ಪಾರ್ಸಿ ಲಗ್ನದ ಅಂತರಪಟ ಮತ್ತು ನಮ್ಮ ಸೋಬಾನ ಪದ



ತುಳಸಿ ಲಗ್ನ ಮುಗಿಯಿತೆಂದರೆ ನಮ್ಮ ಮಿರಜ ತಾಲೂಕಿನ ಪೂರ್ವಭಾಗದಲ್ಲಿ ಲಗ್ನಸರಾಯಿ ಶುರುವಾಯಿತೆಂದೇ ಅರ್ಥ. ಸಲಗರೆ ಇರಲಿ, ಸುತ್ತಲಿನ ಯಾವ ಊರೇ ಇರಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ ದಿನಾ ನಾಲ್ಕಾರು ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ. ಕೇಳಿದರೆ ಒಂದೇ ಉತ್ತರ, "ಕಾಕಾನ ಲಗ್ನ ಇತ್ರಿ ಸರ". ಅಥಣಿ, ಕಾಗವಾಡ, ಜತ್ತ, ಕವಠೆಮಹಾಂಕಾಳ, ಹೀಗೆ ಎರಡೂ ರಾಜ್ಯಗಳ ನಡುವೆ ನಮ್ಮ ಬೀಗತನ ಹರಡಿಕೊಂಡಿದೆ. ಈ ಸಲ ನಮ್ಮ ಲಗ್ನಗಳ ಬಗ್ಗೆಯೇ ಬರೆಯಬೇಕೆಂದು ಕುಳಿತವನು ನಾನು. ಆದರೆ ಪಾರ್ಸಿಗಳ ಲಗ್ನದಿಂದ ಆರಂಭಿಸುತ್ತಿದ್ದೇನೆ. ದಯವಿಟ್ಟು ತಾಳ್ಮೆಯಿಂದ ಓದಿ, ಕೊನೆಗೆ ನಮ್ಮ ಹಂದರಕ್ಕೇ ಬರುತ್ತೇನೆ!

ಇತಿಹಾಸದ ಪಾಠದಲ್ಲಿ ದಾದಾಭಾಯಿ ನವರೋಜಿ, ಫಿರೋಜಶಾ ಮೆಹತಾ ಇವರ ಹೆಸರು ಬರುತ್ತದೆ. ಜಮ್‌ಶೆಟ್‌ಜಿ ಟಾಟಾ ಬರುತ್ತಾರೆ. ಮಕ್ಕಳಿಗೆ ಟಾಟಾ ಎಂದರೆ ಉಪ್ಪಿನ ಪುಡಿಕೆ, ಕಬ್ಬಿನ ಟ್ರಕ್ಕು. "ಇವರು ಪಾರ್ಸಿ ಸಮಾಜದವರು" ಎಂದು ಹೇಳಿ ನಾವು ಮುಂದಿನ ಸಾಲಿಗೆ ಹೋಗಿಬಿಡುತ್ತೇವೆ. ಏಳನೆಯ ಇಯತ್ತೆಯ ಒಬ್ಬ ಹುಡುಗಿ ಮಾತ್ರ ಬಿಡಲಿಲ್ಲ. "ಪಾರ್ಸಿ ಅಂದ್ರ ಯಾರ್ರಿ ಸರ? ಅವರದು ಲಗ್ನ ಹ್ಯಾಂಗ ಮಾಡ್ತಾರ್ರಿ?" ಎಂದಳು. ಯಾವುದೇ ಜನರ ಬಗ್ಗೆ ತಿಳಿಯಬೇಕಾದರೆ ಹೆಣ್ಣುಮಕ್ಕಳು ಮೊದಲು ಕೇಳುವುದು ಲಗ್ನದ ಬಗ್ಗೆಯೇ, ಅದು ಸರಿಯಾದ ದಾರಿ ಎಂದೇ ನನಗನಿಸುತ್ತದೆ. ಹಾಗಾಗಿ ಓದಲು ಕುಳಿತೆ. ಪಾರ್ಸಿ ವಿದ್ವಾಂಸರಾದ ಜೀವನ್‌ಜಿ ಜಮ್‌ಶೆಡ್‌ಜಿ ಮೋದಿಯವರು ತಮ್ಮ ಸಮಾಜದ ಧಾರ್ಮಿಕ ವಿಧಿ ಮತ್ತು ರೂಢಿಗಳ ಬಗ್ಗೆ 1922ರಲ್ಲಿ ಇಂಗ್ಲಿಷಿನಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದಿಟ್ಟಿದ್ದಾರೆ. ಓದುತ್ತ ಹೋದಂತೆ ನಮ್ಮ ಮನೆಯ ಅಂಗಳದಲ್ಲೇ ನಿಂತ ಹಾಗಾಯಿತು.

ಪಾರ್ಸಿಗಳು ಇರಾನಿನಿಂದ ಬಂದ ಜರತುಷ್ಟ್ರ ಧರ್ಮದವರು. ಅರಬರ ಆಳ್ವಿಕೆ ಬಂದ ನಂತರ ತಮ್ಮ ಧರ್ಮ ಉಳಿಸಿಕೊಳ್ಳಲು ಸಮುದ್ರ ದಾಟಿ ಗುಜರಾತದ ಸಂಜಾಣಕ್ಕೆ ಬಂದಿಳಿದರು. ಆ ಕಥೆಯನ್ನು ಬಹಮನ್ ಕೈಕೋಬಾದ್ ಎಂಬ ಪುರೋಹಿತರು ಸುಮಾರು 1600ರಲ್ಲಿ ಪಾರಸಿ ಭಾಷೆಯ ಪದ್ಯದಲ್ಲಿ ಬರೆದಿದ್ದಾರೆ. ಅದರ ಹೆಸರು 'ಕಿಸ್ಸಾ-ಎ-ಸಂಜಾಣ'. ಸ್ಥಳೀಯ ಅರಸ ಜಾದಿ ರಾಣಾ ಇವರಿಗೆ ನೆಲೆ ಕೊಡಲು ಕೆಲವು ಷರತ್ತು ಹಾಕಿದನಂತೆ. ನಿಮ್ಮ ಧರ್ಮ ಏನೆಂದು ತಿಳಿಸಿ ಹೇಳಬೇಕು, ಆಯುಧ ಕೆಳಗಿಡಬೇಕು, ಈ ನಾಡಿನ ಭಾಷೆ ಆಡಬೇಕು, ಹೆಂಗಸರು ಇಲ್ಲಿಯ ಉಡುಪು ಉಡಬೇಕು. ಕೊನೆಯದು ಬಹಳ ವಿಚಿತ್ರ, ನಿಮ್ಮ ಲಗ್ನಗಳನ್ನು ಸಾಯಂಕಾಲವೇ ಮಾಡಬೇಕು! ಇಂದಿಗೂ ಪಾರ್ಸಿ ಲಗ್ನ ಸಾಮಾನ್ಯವಾಗಿ ಸೂರ್ಯ ಮುಳುಗಿದ ಮೇಲೆಯೇ ನಡೆಯುತ್ತದೆ. (ಹಾಲು ತುಂಬಿದ ಬಟ್ಟಲಿಗೆ ಸಕ್ಕರೆ ಬೆರೆಸಿದ ಕಥೆಯನ್ನು ನಾವೆಲ್ಲ ವರ್ಗದಲ್ಲಿ ಹೇಳುತ್ತೇವಲ್ಲ, ಅದು ಆ ಹಳೆಯ ಪದ್ಯದಲ್ಲಿಲ್ಲ. ಬಾಯಿಂದ ಬಾಯಿಗೆ ಬಂದದ್ದು. ಕಥೆ ಚಂದ ಇದೆ, ಹೇಳಲು ಅಡ್ಡಿಯಿಲ್ಲ.)

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಪಾರ್ಸಿಗಳ ಪರಿಸ್ಥಿತಿಯೂ ನಮ್ಮದೂ ಒಂದೇ ಅಲ್ಲ. ಅವರು ಹಡಗು ಹತ್ತಿ ಬಂದವರು. ನಾವು ಎಲ್ಲಿಂದಲೂ ಬಂದವರಲ್ಲ, ಇದ್ದಲ್ಲೇ ಇದ್ದೇವೆ. ಸಾಂಗ್ಲಿ, ಮಿರಜ ಪಟವರ್ಧನ ಸಂಸ್ಥಾನಗಳ ಕಾಲದಲ್ಲಿ ಈ ಹಳ್ಳಿಗಳಲ್ಲಿ ಎರಡೂ ಭಾಷೆ ಇದ್ದವು. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ನಾವು ಗೆರೆಯ ಈಚೆ ಉಳಿದೆವು, ಬೀಗರು ಆಚೆ ಉಳಿದರು. ಆದರೂ ದೊಡ್ಡ ಭಾಷೆಯೊಂದರ ನಡುವೆ ಸಣ್ಣ ಗುಂಪಾಗಿ ಬಾಳುವವರು ಮನೆಯೊಳಗೆ ಏನನ್ನು ಇಟ್ಟುಕೊಳ್ಳುತ್ತಾರೆ, ಏನನ್ನು ಬಿಡುತ್ತಾರೆ ಎಂಬ ಪ್ರಶ್ನೆ ಇಬ್ಬರಿಗೂ ಒಂದೇ. ಅದಕ್ಕೆ ಉತ್ತರ ಲಗ್ನದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಈಗ ಲಗ್ನಕ್ಕೆ ಬರೋಣ.

ಸಂಬಂಧ ಗಟ್ಟಿಯಾದಾಗ ಎರಡೂ ಕಡೆಯ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋಗಿ ಹುಡುಗ-ಹುಡುಗಿಯ ಕೈಗೆ ಬೆಳ್ಳಿ ರೂಪಾಯಿ ಕೊಡುತ್ತಾರೆ. ಅದಕ್ಕೆ ರೂಪಾಯಿಯ ಹೆಸರೇ ಇದೆ. ಲಗ್ನಕ್ಕೆ ಕೆಲವು ದಿನ ಮೊದಲು 'ಮಾಂಡವಸರೋ'. ಮಾವಿನ ಸಸಿಯೊಂದನ್ನು ಕುಂಡದಲ್ಲಿ ನೆಟ್ಟು, ಅರಿಷಿಣ, ಎಲೆ-ಅಡಿಕೆ, ಖಾರೀಕು ಹಾಕಿ ಬಾಗಿಲ ಬಳಿ ಇಡುತ್ತಾರೆ. ಲಗ್ನ ಮುಗಿದು ಎಂಟನೆಯ ದಿನದವರೆಗೆ ಮುಂಜಾನೆ ಮುಂಜಾನೆ ನೀರು ಹಾಕಿ, ಆಮೇಲೆ ಬೇರೆ ಕಡೆ ನೆಡುತ್ತಾರೆ. ಹೆಸರಿನಲ್ಲೇ ಮಾಂಡವ ಇದೆ ನೋಡಿ! ನಾವು ಹಂದರಗಂಬ ನೆಟ್ಟು ಮಾವಿನ ಟೊಂಗೆ ಕಟ್ಟಿ ಪೂಜೆ ಮಾಡುವುದಕ್ಕೂ ಇದಕ್ಕೂ ಎಷ್ಟು ಅಂತರ? ನಮ್ಮದು ಕಡಿದ ಟೊಂಗೆ, ಅವರದು ಜೀವಂತ ಸಸಿ. ಈ ವಿಷಯದಲ್ಲಿ ಅವರದೇ ಮೇಲು ಎಂದು ನನ್ನ ಅಭಿಪ್ರಾಯ.

ಬಾಗಿಲಿಗೆ ಹೂವಿನ ತೋರಣ, ಹೊಸ್ತಿಲ ಮುಂದೆ ಸುಣ್ಣದ ಪುಡಿಯ ರಂಗೋಲಿ. ಹಣೆಗೆ ಕುಂಕುಮ, ಮದುಮಗನಿಗೆ ಉದ್ದನೆಯ ನಾಮ, ಮದುಮಗಳಿಗೆ ದುಂಡಗಿನ ಬೊಟ್ಟು. ಉದ್ದನೆಯದು ಸೂರ್ಯನ ಕಿರಣ, ದುಂಡಗಿನದು ಚಂದ್ರ ಎಂದು ಅರ್ಥ ಹೇಳುತ್ತಾರೆ. ಆರತಿ ತಾಟಿನಂತೆಯೇ ಅವರಲ್ಲೊಂದು ಬೆಳ್ಳಿಯ ತಾಟು ಇದೆ, 'ಸೆಸ್' ಎಂದು ಕರೆಯುತ್ತಾರೆ. ಅದರಲ್ಲಿ ಗುಲಾಬದಾನಿ, ಕುಂಕುಮದ ಬಟ್ಟಲು, ತೆಂಗಿನಕಾಯಿ, ಖಡಿಸಕ್ಕರೆ, ಬೆಳ್ಳಿಯ ಮೀನು.

ಮದುಮಗ ವೇದಿಕೆ ಹತ್ತುವ ಮುಂಚೆ 'ಆಚು ಮಿಚು'. ಕೇಳಲು ಮಕ್ಕಳ ಆಟದ ಹೆಸರಿನಂತಿದೆ. ಹೆಣ್ಣಿನ ತಾಯಿಯೋ ಹಿರಿಯ ಮುತ್ತೈದೆಯೋ ಒಂದು ಹಸಿ ತತ್ತಿಯನ್ನು ಅವನ ತಲೆಯ ಸುತ್ತ ಏಳು ಸಲ ನಿವಾಳಿಸಿ ಕಾಲ ಬಳಿ ಒಡೆಯುತ್ತಾಳೆ. ಆಮೇಲೆ ತೆಂಗಿನಕಾಯಿಯೂ ಹಾಗೆಯೇ. ಕೊನೆಗೆ ತಾಟಿನ ನೀರನ್ನು ಆ ಕಡೆ ಈ ಕಡೆ ಚೆಲ್ಲುತ್ತಾರೆ. ನಮ್ಮ ಊರಲ್ಲಿ ಮದುಮಕ್ಕಳು ಮನೆ ತುಂಬುವಾಗ ದೃಷ್ಟಿ ತೆಗೆಯುವುದು ನೆನಪಾಯಿತಲ್ಲವೇ? ತತ್ತಿಯೊಂದು ಬಿಟ್ಟರೆ ಉಳಿದದ್ದೆಲ್ಲ ಅದೇ.

ಇನ್ನು ಮುಖ್ಯ ಘಟ್ಟ. ಮದುಮಗ-ಮದುಮಗಳು ಎದುರುಬದುರು ಕುರ್ಚಿಯಲ್ಲಿ ಕೂರುತ್ತಾರೆ, ನಡುವೆ ಒಂದು ಬಿಳಿ ಬಟ್ಟೆ ಹಿಡಿದಿರುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು. ಇದಕ್ಕೆ 'ಆರಾ ಅಂತರ' ಎಂದು ಹೆಸರು. ನಮ್ಮ ಭಟ್ಟರು, ಸ್ವಾಮಿಗಳು ಹಿಡಿಸುವ ಅಂತರಪಟವೇ ಇದು! ಬಟ್ಟೆಯ ಕೆಳಗಿನಿಂದ ಇಬ್ಬರ ಬಲಗೈ ಕೂಡಿಸುತ್ತಾರೆ. ಪುರೋಹಿತರು ಪ್ರಾರ್ಥನೆ ಹೇಳುತ್ತ ನೂಲನ್ನು ಏಳು ಸಲ ಸುತ್ತುತ್ತಾರೆ. ಇಬ್ಬರ ಎಡಗೈಯಲ್ಲಿ ಅಕ್ಕಿಕಾಳು. ಬಟ್ಟೆ ಕೆಳಗಿಳಿದ ಕ್ಷಣ ಯಾರು ಮೊದಲು ಎದುರಿನವರ ಮೇಲೆ ಅಕ್ಕಿ ಎರಚುತ್ತಾರೋ ಮನೆಯಲ್ಲಿ ಅವರದೇ ಮಾತು ನಡೆಯುತ್ತದೆಂದು ಎಲ್ಲರೂ ನಗುತ್ತಾರೆ. ಇದನ್ನು ವರ್ಗದಲ್ಲಿ ಹೇಳಿದಾಗ ಹುಡುಗಿಯರೆಲ್ಲ ಒಮ್ಮೆಲೇ "ಹುಡುಗೀನ ಗೆಲ್ತಾಳ್ರಿ ಸರ" ಎಂದು ಕೂಗಿದರು.

ನೂಲು ಸುತ್ತುವ ಭಾಗ ಓದಿದಾಗ ನನಗೆ ಸುರಗಿಯೇ ಕಣ್ಣಮುಂದೆ ಬಂತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರು ಹಾಕುವುದು ನಮ್ಮ ಪದ್ಧತಿ. ಇತ್ತೀಚೆಗೆ ಮಂಗಲ ಕಾರ್ಯಾಲಯದಲ್ಲಿ ಲಗ್ನ ಮಾಡುವವರು ಫರಸಿ ಒದ್ದೆಯಾಗುತ್ತದೆಂದು ಸುರಗಿಯನ್ನೇ ಬಿಟ್ಟಿದ್ದಾರೆ. ಪಾರ್ಸಿಗಳು ಮುಂಬಯಿಯಲ್ಲಿ ಕಾಮಾ ಬಾಗ್, ಆಲ್ಬ್‌ಲೆಸ್ ಬಾಗ್ ಇಂಥ ಬಾಡಿಗೆ ಸ್ಥಳಗಳಲ್ಲೇ ಲಗ್ನ ಮಾಡುತ್ತಾರೆ, ನೂಲನ್ನು ಮಾತ್ರ ಬಿಟ್ಟಿಲ್ಲ.

ಅಂತರ ಕಳೆದ ಮೇಲೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸುತ್ತಾರೆ. ಬಿಳಿ ಉಡುಪಿನ ಇಬ್ಬರು ಪುರೋಹಿತರು 'ಆಶೀರ್ವಾದ' ಎಂಬ ವಿಧಿ ನಡೆಸುತ್ತಾರೆ. ಹೆಸರು ನಮ್ಮದೇ. ಪಕ್ಕದಲ್ಲಿ ದೀಪ ಉರಿಯುತ್ತಿರುತ್ತದೆ, ಆದರೆ ಬೆಂಕಿಯನ್ನು ಸುತ್ತುವುದಿಲ್ಲ. ಎರಡೂ ಕಡೆಯ ಸಾಕ್ಷಿಗಳನ್ನು, ಆಮೇಲೆ ಮದುಮಕ್ಕಳನ್ನು, ಈ ಲಗ್ನ ಒಪ್ಪಿಗೆಯೇ ಎಂದು ಕೇಳುತ್ತಾರೆ. ಒಮ್ಮೆಯಲ್ಲ, ಮೂರು ಸಲ. ಉತ್ತರ 'ಪಸಂದೆ ಕರ್ದಮ್', ಅಂದರೆ ಒಪ್ಪಿದೆ. ಪಸಂದ್! ನಮ್ಮ ಅಜ್ಜಿಯರು "ಹುಡುಗಿ ಪಸಂದ ಬಂದಾಳ" ಎನ್ನುವುದಿಲ್ಲವೇ? ಅದೇ ಪಾರಸಿ ಮಾತು ಬೇರೆ ದಾರಿಯಿಂದ ನಮ್ಮ ಬಾಯಿಗೂ ಬಂದು ಕೂತಿದೆ. ಹುಡುಗಿಯನ್ನು ಎಲ್ಲರೆದುರು ಬಾಯಿಬಿಟ್ಟು ಕೇಳುವ ಈ ಕ್ರಮವನ್ನು ನಾನು ಬಹಳ ಮೆಚ್ಚಿದೆ. ನಮ್ಮಲ್ಲಿ ಹುಡುಗಿ ತಲೆ ತಗ್ಗಿಸಿದರೆ ಅದೇ ಒಪ್ಪಿಗೆ ಎಂದುಕೊಳ್ಳುವವರು ಇನ್ನೂ ಇದ್ದಾರೆ.

ಆ ಆಶೀರ್ವಾದದ ಮಂತ್ರದಲ್ಲಿ ಒಂದು ಸಾಲು ಬರುತ್ತದೆ. ಮದುಮಗನ ಕಡೆಯವರು ಮದುಮಗಳಿಗೆ ನಿಶಾಪುರದ ನಾಣ್ಯದಲ್ಲಿ ಎರಡು ಸಾವಿರ ಶುದ್ಧ ಬೆಳ್ಳಿಯ ದಿರಹಮು, ಎರಡು ಬಂಗಾರದ ದಿನಾರು ಕೊಡಲು ಒಪ್ಪಿದ್ದಾರೆಯೇ ಎಂಬ ಮಾತು. ನಿಶಾಪುರ ಇರುವುದು ಇರಾನಿನ ಈಶಾನ್ಯಕ್ಕೆ, ಖುರಾಸಾನ ಸೀಮೆಯಲ್ಲಿ. ಇಂದು ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಲಗ್ನವಾಗುವ ಯಾವ ಹುಡುಗನೂ ಆ ನಾಣ್ಯ ಕೈಯಲ್ಲಿ ಹಿಡಿದವನಲ್ಲ, ಕೊಡುವುದೂ ಇಲ್ಲ. ಆದರೂ ಲಗ್ನ ಲಗ್ನಕ್ಕೂ ಆ ಮಾತು ಹೇಳುತ್ತಾರೆ. ಬಿಟ್ಟುಬಂದ ಸೀಮೆಯ ಗುರುತು ಅದೊಂದು ಸಾಲಿನಲ್ಲಿ ಉಳಿದಿದೆ. ಮಂತ್ರದ ಭಾಷೆ ಪಾಜಂದ್, ಅಂದರೆ ಅವೆಸ್ತಾ ಲಿಪಿಯಲ್ಲಿ ಬರೆದ ಹಳೆಯ ಪಾರಸಿ. ಜೊತೆಗೆ ಅದೇ ಆಶೀರ್ವಾದದ ಸಂಸ್ಕೃತ ರೂಪವನ್ನೂ ಓದುವ ರೂಢಿ ಬೆಳೆಯಿತು.

ಲಗ್ನದ ನಂತರ ಹೆಣ್ಣಿನ ತಂಗಿಯರು ಮದುಮಗನ ಬೆರಳನ್ನು ನೀರಿನ ಲೋಟದಲ್ಲಿ ಹಿಡಿದಿಟ್ಟು ದುಡ್ಡು ಕೇಳುತ್ತಾರೆ, ನಮ್ಮಲ್ಲಿ ಚಪ್ಪಲಿ ಮುಚ್ಚಿಡುವಂತೆ. ಊಟಕ್ಕೆ "ಜಮ್ವಾ ಚಾಲೋ ಜಿ" ಎಂದು ಕೂಗು. ಬಾಳೆ ಎಲೆ ಹಾಸುತ್ತಾರೆ. ಬಡಿಸುವುದು ಹಸಿ ಚಟ್ನಿ ಸವರಿ ಎಲೆಯಲ್ಲಿ ಸುತ್ತಿ ಬೇಯಿಸಿದ ಮೀನು, ಕೊನೆಗೆ ಹಾಲು-ತತ್ತಿಯ 'ಲಗನ್ ನು ಕಸ್ಟರ್ಡ್'. ಊಟದ ವಿಷಯ ಹೆಚ್ಚು ಬರೆಯುವುದಿಲ್ಲ, ನಮ್ಮ ಅನೇಕ ಓದುಗರು ಲಿಂಗಾಯತರು, ಜೈನರು!

ಈಗ ಯೋಚಿಸಿ. ತೋರಣ, ಕುಂಕುಮ, ಅಂತರಪಟ, ಅರಿಷಿಣ, ತೆಂಗಿನಕಾಯಿ, ಸೀರೆ, ಭಾಷೆ, ಇಷ್ಟೊಂದನ್ನು ಅವರು ನೆರೆಯವರಿಂದ ಸಂಕೋಚವಿಲ್ಲದೆ ತೆಗೆದುಕೊಂಡರು. ತೆಗೆದುಕೊಂಡದ್ದರಿಂದ ಪಾರ್ಸಿತನ ಕರಗಿ ಹೋಗಲಿಲ್ಲ. ಕೊಟ್ಟದ್ದೂ ಉಂಟು. ನಮ್ಮ ಸಾಂಗ್ಲಿಯದೇ ಉದಾಹರಣೆ ಹೇಳುತ್ತೇನೆ. ಹೊನ್ನಾವರ ಸೀಮೆಯ ಕರ್ಕಿಯಿಂದ ಬಂದ ಕನ್ನಡ ಭಾಗವತರ ಆಟ ನೋಡಿ ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗ್ಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದರು, ಮರಾಠಿ ರಂಗಭೂಮಿ ಅಲ್ಲಿಂದ ಶುರುವಾಯಿತು. ಭಾವೆಯವರ ಮಂಡಳಿ 1853ರಲ್ಲಿ ಮುಂಬಯಿಯಲ್ಲಿ ಆಟ ಆಡಿತು. ಅದೇ ವರ್ಷ ಅಲ್ಲಿ ಪಾರ್ಸಿ ನಾಟಕ ಮಂಡಳಿ ಹುಟ್ಟಿತು. ಮುಂದೆ ಪಾರ್ಸಿ ಕಂಪನಿಗಳ ಪರದೆ, ಹಾಡು, ಥಾಟು-ಮಾಟು ನಮ್ಮ ಕನ್ನಡ ಕಂಪನಿ ನಾಟಕಗಳಿಗೆ ಬಂತು. ಕನ್ನಡದಿಂದ ಹೊರಟದ್ದು ಮರಾಠಿ, ಗುಜರಾತಿ ಸುತ್ತಿಕೊಂಡು ಮತ್ತೆ ಕನ್ನಡಕ್ಕೇ ಬಂದ ಹಾಗಾಯಿತು. ಯಾರದೂ ಕಡಿಮೆಯಾಗಲಿಲ್ಲ.

ಆದರೆ ಪಾರ್ಸಿ ಲಗ್ನದ ಎರಡು ಸಂಗತಿ ನನ್ನನ್ನು ಚಿಂತೆಗೆ ಹಚ್ಚಿದವು. ಈ ಲೇಖನ ಬರೆಯಲು ಕಾರಣವೂ ಅವೇ.

ಮೊದಲನೆಯದು ಭಾಷೆಯದು. ಪುರೋಹಿತರ ಬಾಯಿಯ ಮಂತ್ರ ಸಾವಿರ ವರ್ಷ ಉಳಿಯಿತು, ನಿಜ. ಆದರೆ ಅದು ಅರ್ಥ ತಿಳಿಯದ ಧ್ವನಿಯಾಗಿ ಉಳಿಯಿತು. ಲಗ್ನದಲ್ಲಿ ಮಾತಾಗಿ ಇದ್ದದ್ದು ಹೆಂಗಸರ ಗುಜರಾತಿ ಹಾಡುಗಳು. ಹಳೆಯ ಕಾಲದ ಪಾರ್ಸಿ ಲಗ್ನದಲ್ಲಿ ಹೆಂಗಸರು ಕೂತು ಗುಜರಾತಿಯಲ್ಲಿ ಹಾಡುತ್ತಿದ್ದರು, ಮನೆಯವರ ಹೆಸರು ಸೇರಿಸಿ ಹಾಡುತ್ತಿದ್ದರು. ಇಂದು ಆ ಜಾಗದಲ್ಲಿ ಬ್ಯಾಂಡು, ಇಂಗ್ಲಿಷ್ ಹಾಡು, ಕುಣಿತ. ಗುಜರಾತಿಯಲ್ಲಿ 1832ರಲ್ಲಿ ಆರಂಭವಾದ ಅವರ 'ಜಾಮೆ ಜಮ್‌ಶೆದ್' ಪತ್ರಿಕೆಯೂ ಇಂದು ಬಹುಪಾಲು ಇಂಗ್ಲಿಷಿನಲ್ಲೇ ಬರುತ್ತದೆ. ಮುಂಬಯಿಯ ಪಾರ್ಸಿ ಮಕ್ಕಳಲ್ಲಿ ಗುಜರಾತಿ ಓದಲು ಬರುವವರು ಕಡಿಮೆಯಾಗಿದ್ದಾರೆ. ವಿಧಿ ಎಲ್ಲ ಸರಿಯಾಗಿ ನಡೆಯುತ್ತದೆ, ಹಾಡು ಹೋಗಿದೆ, ಹಾಡಿನ ಜೊತೆ ಮನೆಯ ಭಾಷೆಯೂ ಜಾರಿದೆ.

ಎರಡನೆಯದು ಬಾಗಿಲಿನದು. ಪದಾರ್ಥ, ಉಡುಪು, ಭಾಷೆಗೆ ಬಾಗಿಲು ತೆರೆದವರು ಮನುಷ್ಯರಿಗೆ ಮಾತ್ರ ಮುಚ್ಚಿದರು. ಟಾಟಾ ಮನೆತನದ ರತನ್‌ಜಿ ದಾದಾಭಾಯಿ ಟಾಟಾ (ಜೆ.ಆರ್.ಡಿ. ಅವರ ತಂದೆ) ಫ್ರಾನ್ಸಿನ ಹುಡುಗಿಯನ್ನು ಲಗ್ನವಾದರು. ಆಕೆಗೆ ಜರತುಷ್ಟ್ರ ದೀಕ್ಷೆ ಕೊಡಿಸಿ, ಪಾರ್ಸಿ ವಿಧಿಯಲ್ಲೇ ಲಗ್ನ ನಡೆಯಿತು. ಆಕೆಗೆ ಸಮಾಜದ ಅಗ್ನಿಮಂದಿರ ಮತ್ತು ದತ್ತಿಗಳ ಹಕ್ಕು ಉಂಟೋ ಇಲ್ಲವೋ ಎಂದು ಮುಂಬಯಿ ಹೈಕೋರ್ಟಿನಲ್ಲಿ ದೊಡ್ಡ ದಾವೆಯೇ ಆಯಿತು. 1908ರಲ್ಲಿ ತೀರ್ಪು ಬಂತು. ಅದರ ನಂತರ ಗಟ್ಟಿಯಾದ ರೂಢಿ ಏನೆಂದರೆ, ತಂದೆ ಪಾರ್ಸಿಯಾಗಿದ್ದರೆ ಮಕ್ಕಳು ಪಾರ್ಸಿ, ತಾಯಿ ಮಾತ್ರ ಪಾರ್ಸಿಯಾಗಿದ್ದರೆ ಅಲ್ಲ. ಗಂಡಸಿಗೊಂದು ನ್ಯಾಯ, ಹೆಂಗಸಿಗೊಂದು ನ್ಯಾಯ. 1936ರ ಪಾರ್ಸಿ ವಿವಾಹ ಕಾಯ್ದೆಯ ಪ್ರಕಾರ ಪುರೋಹಿತರಿಂದ ಆಶೀರ್ವಾದ ವಿಧಿ ನಡೆಯಬೇಕು, ಪುರೋಹಿತರ ಹೊರತಾಗಿ ಇಬ್ಬರು ಪಾರ್ಸಿ ಸಾಕ್ಷಿಗಳು ಇರಬೇಕು, ಹುಡುಗ-ಹುಡುಗಿ ಇಬ್ಬರೂ ಪಾರ್ಸಿಗಳೇ ಆಗಿರಬೇಕು. ಹೊರಗೆ ಲಗ್ನವಾದ ವಲಸಾಡದ ಹೆಣ್ಣುಮಗಳೊಬ್ಬಳು ತನ್ನ ತಂದೆ-ತಾಯಿಯ ಅಂತ್ಯಕ್ರಿಯೆಗೆ ಬರಲು ಅವಕಾಶ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2012ರಲ್ಲಿ ಗುಜರಾತ ಹೈಕೋರ್ಟಿನಲ್ಲಿ ಸೋತು, 2017ರಲ್ಲಿ ಸುಪ್ರೀಂ ಕೋರ್ಟಿನೆದುರು ಅಲ್ಲಿಯ ಅಂಜುಮನ್ ಒಪ್ಪಿದ ಮೇಲೆ ಅಷ್ಟರ ಮಟ್ಟಿಗೆ ದಾರಿಯಾಯಿತು. ತಾಯಿಯ ಹೆಣದ ಮುಂದೆ ನಿಲ್ಲಲು ಕೋರ್ಟು!

ಜನಸಂಖ್ಯೆ ನೋಡಿ. 1941ರಲ್ಲಿ ಅಖಂಡ ಭಾರತದಲ್ಲಿ 1,14,890 ಪಾರ್ಸಿಗಳಿದ್ದರು. 2001ರಲ್ಲಿ 69,601. 2011ರಲ್ಲಿ 57,264. ಇದಕ್ಕೆ ತಡವಾದ ಲಗ್ನ, ಲಗ್ನವೇ ಆಗದಿರುವುದು, ಕಡಿಮೆ ಮಕ್ಕಳು, ವಿದೇಶಕ್ಕೆ ಹೋಗುವುದು, ಹೀಗೆ ಕಾರಣಗಳು ಹಲವು. ಬಾಗಿಲು ಮುಚ್ಚಿದ್ದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ 2013ರಲ್ಲಿ ಕೇಂದ್ರ ಸರಕಾರವೇ 'ಜಿಯೋ ಪಾರ್ಸಿ' ಎಂಬ ಯೋಜನೆ ತಂದು ಮಕ್ಕಳನ್ನು ಹಡೆಯಿರಿ ಎಂದು ನೆರವು ಕೊಡಬೇಕಾದ ಸ್ಥಿತಿ ಬಂದಾಗಲೂ, ಇದ್ದ ಹೆಣ್ಣುಮಕ್ಕಳ ಮಕ್ಕಳನ್ನು ಹೊರಗೆ ನಿಲ್ಲಿಸುವುದು ನನಗೆ ಅರ್ಥವಾಗದ ಲೆಕ್ಕ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ 1926ರಿಂದ ಅವರ ಅಗ್ನಿಮಂದಿರವಿದೆ. ಕನ್ನಡನಾಡಿನಲ್ಲಿ ನೂರು ವರ್ಷ ಉರಿದ ಬೆಂಕಿ ಅದು, ಮುಂದೆಯೂ ಉರಿಯಲಿ ಎಂದೇ ನನ್ನ ಆಸೆ.

ಇನ್ನು ನಮ್ಮ ಹಂದರಕ್ಕೆ ಬರುತ್ತೇನೆ.

ಕನ್ನಡ ಶಾಲೆಯ ಮಾಸ್ತರನಿಗೆ ಊರಿನಲ್ಲಿ ಪಾಠದ ಜೊತೆ ಇನ್ನೊಂದು ಕೆಲಸವಿದೆ, ಲಗ್ನಪತ್ರಿಕೆ ಬರೆದುಕೊಡುವುದು. ಮೊದಲು ಕನ್ನಡದಲ್ಲಿ ಬರೆಸುತ್ತಿದ್ದರು. ಆಮೇಲೆ ಒಂದು ಬದಿ ಕನ್ನಡ, ಒಂದು ಬದಿ ಮರಾಠಿ ಆಯಿತು. ಈಗ ಅನೇಕರು ಪೂರ್ತಿ ಮರಾಠಿಯಲ್ಲೇ ಮಾಡಿಸುತ್ತಾರೆ, ಅಚ್ಚಿನವರಲ್ಲಿ ಕನ್ನಡ ಅಕ್ಷರ ಜೋಡಿಸುವವರಿಲ್ಲ ಎಂಬುದು ಕಾರಣ. ಅಕ್ಕಿಕಾಳಿನ ಹೊತ್ತಿಗೆ ಮಂಗಳಾಷ್ಟಕ ಮರಾಠಿಯಲ್ಲಿ. ಅದರ ಬಗ್ಗೆ ನನಗೆ ಬೇಸರವಿಲ್ಲ, ಕೇಳಲು ಇಂಪಾಗಿದೆ, ಬೀಗರೂ ಮರಾಠಿಯವರಿರುತ್ತಾರೆ. ನನಗೆ ಬೇಸರವಾಗುವುದು ಹಿಂದಿನ ರಾತ್ರಿಯ ವಿಷಯದಲ್ಲಿ. ಅರಿಷಿಣ ಹಚ್ಚುವಾಗ, ಬೀಸುಕಲ್ಲಿಗೆ ಪೂಜೆ ಮಾಡುವಾಗ, ಸುರಗಿ ಸುತ್ತುವಾಗ ಹೆಂಗಸರು ಸೋಬಾನ ಪದ ಹಾಡುತ್ತಿದ್ದರು. ಬೀಗತಿಯನ್ನು ಚೇಷ್ಟೆ ಮಾಡುವ ಹಾಡುಗಳಂತೂ ಮುಗಿಯುತ್ತಲೇ ಇರಲಿಲ್ಲ. ಈಗ ಅರಿಷಿಣದ ಹೊತ್ತಿಗೆ ಡಾಲ್ಬಿ ಬಂದು ನಿಲ್ಲುತ್ತದೆ. ಡಾಲ್ಬಿಯ ಮುಂದೆ ಅರವತ್ತು ದಾಟಿದ ಅಜ್ಜಿ ಹೇಗೆ ಹಾಡಬೇಕು? ಸೆರಗು ಕಿವಿಗೆ ಒತ್ತಿಕೊಂಡು ಒಳಗೆ ಹೋಗಿ ಕೂರುತ್ತಾಳೆ.

ಒಡಪು ಹೇಳುವುದು ಮಾತ್ರ ಉಳಿದಿದೆ, ದೇವರ ದಯೆ. ಗಂಡನ ಹೆಸರು ಹೇಳದೆ ಹೊಸ್ತಿಲು ದಾಟಲು ಬಿಡುವುದಿಲ್ಲವಲ್ಲ! ಆದರೆ ಅದೂ ಈಗ ಮೊಬೈಲಿನಲ್ಲಿ ಬಂದ ಮರಾಠಿ ಉಖಾಣೆಯೇ ಹೆಚ್ಚು. ಸ್ವಂತ ಜೋಡಿಸಿ ಹೇಳುವವರು ಕಡಿಮೆ.

ಇದು ಶಾಲೆಗೆ ಸಂಬಂಧವಿಲ್ಲದ ವಿಷಯ ಎಂದು ನಮ್ಮ ಕೆಲವು ಶಿಕ್ಷಕ ಮಿತ್ರರೇ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಒಂದನೆಯ ಇಯತ್ತೆಗೆ ದಾಖಲಾತಿಗೆಂದು ಜೂನ್ ತಿಂಗಳಲ್ಲಿ ನಾವು ಮನೆಮನೆ ತಿರುಗುತ್ತೇವಲ್ಲ, ಆಗ ನಿರ್ಣಯ ಹೇಳುವವರು ಯಾರು? ಮಗುವಿನ ತಾಯಿ. ಮಗುವಿಗೆ ಮನೆಯಲ್ಲಿ ಅಭ್ಯಾಸ ಮಾಡಿಸುವವಳು ಅವಳು. ಅವಳಿಗೆ ಕನ್ನಡ ತನ್ನದು ಎನಿಸಿದರೆ ಮಗು ನಮ್ಮ ಶಾಲೆಗೆ ಬರುತ್ತದೆ, ಇಲ್ಲವಾದರೆ ಪಕ್ಕದ ಮರಾಠಿ ಶಾಲೆಗೋ ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸಿಗೋ ಹೋಗುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಇಳಿಯುತ್ತದೆ, ಆಮೇಲೆ ಶಾಲೆಯೇ ಉಳಿಯುವುದಿಲ್ಲ. ಇದು ಈ ಬ್ಲಾಗ್ ಓದುವವರಿಗೆಲ್ಲ ಗೊತ್ತಿದ್ದ ಸಂಗತಿ.

ಹಾಗಾದರೆ ಮರಾಠಿ ಮನೆಯ ಹೆಣ್ಣು ತರಲೇಬಾರದು, ನಮ್ಮ ಹೆಣ್ಣು ಅಲ್ಲಿ ಕೊಡಲೇಬಾರದು ಎಂದು ಒಬ್ಬ ಹಿರಿಯರು ಕನ್ನಡ ಕಾರ್ಯಕ್ರಮದ ವೇದಿಕೆಯಿಂದಲೇ ಹೇಳಿದರು. ಚಪ್ಪಾಳೆಯೂ ಬಿತ್ತು. ಅವರ ಕನ್ನಡದ ಕಳಕಳಿಗೆ ನನ್ನ ಗೌರವವಿದೆ, ಮಾತಿಗೆ ಮಾತ್ರ ಒಪ್ಪಿಗೆಯಿಲ್ಲ. ಮೊದಲನೆಯದಾಗಿ ಅದು ಆಗುವ ಮಾತಲ್ಲ. ಒಂದೇ ಊರಿನಲ್ಲಿ, ಒಂದೇ ಜಾತಿಯಲ್ಲಿ ಅರ್ಧ ಮನೆ ಕನ್ನಡ, ಅರ್ಧ ಮನೆ ಮರಾಠಿ ಇರುವಾಗ ಗೆರೆ ಎಲ್ಲಿ ಎಳೆಯುತ್ತೀರಿ? ಎರಡನೆಯದಾಗಿ, ಎಳೆದವರ ಗತಿ ಮೇಲೆ ಹೇಳಿದೆನಲ್ಲ. ಪಾರ್ಸಿಗಳಲ್ಲಿ ಅದು ಧರ್ಮದ ಪ್ರಶ್ನೆ, ಅವರು ಅವರ ತೀರ್ಮಾನ ಮಾಡಿಕೊಳ್ಳಲಿ. ನಮ್ಮದು ಭಾಷೆಯ ಪ್ರಶ್ನೆ. ಭಾಷೆಗೆ ದೀಕ್ಷೆ ಬೇಡ, ತಂದೆ ಯಾರು ತಾಯಿ ಯಾರು ಎಂಬ ದಾಖಲೆ ಬೇಡ, ಆಡಿದವರದೇ ಅದು. ಮರಾಠಿ ಮನೆಯಿಂದ ಬಂದ ಸೊಸೆ ಎರಡು ವರ್ಷದಲ್ಲಿ ನಮಗಿಂತ ಚೊಕ್ಕ ಕನ್ನಡ ಮಾತಾಡುವುದನ್ನು ನೀವೂ ನೋಡಿದ್ದೀರಿ. ಆದರೆ ಯಾವ ಮನೆಯಲ್ಲಿ? ಅತ್ತೆ-ನಾದಿನಿಯರು ಅವಳನ್ನು ಕೂರಿಸಿಕೊಂಡು ಮಾತಾಡಿದ, ಹಾಡಿಸಿದ ಮನೆಯಲ್ಲಿ. "ಇಕಿಗೆ ಕನ್ನಡ ಬರೂದಿಲ್ಲ ಬಿಡ್ರಿ" ಎಂದು ಮೊದಲ ದಿನವೇ ಎಲ್ಲರೂ ಮರಾಠಿಗೆ ಹೊರಳಿದ ಮನೆಯಲ್ಲಿ ಅಲ್ಲ.

ಇನ್ನೊಂದು ತುದಿಯವರೂ ಇದ್ದಾರೆ. "ಸರ, ನೌಕರಿಗೆ ಮರಾಠಿ ಬೇಕು, ದೊಡ್ಡ ಶಹರಕ್ಕೆ ಇಂಗ್ಲಿಷ್ ಬೇಕು, ಸೋಬಾನ ಪದ ತಗೊಂಡು ಏನ್ ಮಾಡೂನ?" ಎನ್ನುತ್ತಾರೆ. ಮರಾಠಿ ಕಲಿಯಲೇಬೇಕು, ಚೆನ್ನಾಗಿ ಕಲಿಯಬೇಕು, ನಮ್ಮ ಮಕ್ಕಳು ಕಲಿಯುತ್ತಲೂ ಇದ್ದಾರೆ. ಇಂಗ್ಲಿಷ್ ಸಹ. ಪಾರ್ಸಿಗಳಷ್ಟು ಇಂಗ್ಲಿಷ್ ಕಲಿತು ಮುಂದೆ ಬಂದವರು ಈ ದೇಶದಲ್ಲಿ ಯಾರಿದ್ದಾರೆ? ಅಷ್ಟು ಶ್ರೀಮಂತ, ಅಷ್ಟು ವಿದ್ಯಾವಂತ ಸಮಾಜಕ್ಕೂ ಹೋದ ಹಾಡನ್ನು ಕೊಂಡು ತರಲಾಗಲಿಲ್ಲ. ನಮ್ಮಲ್ಲಿ ಹಾಡುವ ಅಜ್ಜಿಯರು ಇನ್ನೂ ಇದ್ದಾರೆ, ನಮಗೆ ಖರ್ಚಿಲ್ಲ!

ಆದ್ದರಿಂದ ನಮ್ಮ ಶಾಲೆಯ ಮಕ್ಕಳಿಗೆ ಈ ಲಗ್ನಸರಾಯಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಲಗ್ನಕ್ಕೆ ಹೋಗಬೇಡಿ ಎಂದು ಗದರಿಸುವುದು ಬಿಟ್ಟು, ಹೋಗಿ ಬಂದವರು ಒಂದು ಹಾಡು ಅಥವಾ ಎರಡು ಒಡಪು ವಹಿಯಲ್ಲಿ ಬರೆದುಕೊಂಡು ಬರಬೇಕು ಎಂದಿದ್ದೇನೆ. ಯಾರು ಹೇಳಿದರು, ಯಾವ ಊರವರು, ಲಗ್ನದ ಯಾವ ಹೊತ್ತಿಗೆ ಹಾಡುವುದು ಎಂಬುದನ್ನೂ ಬರೆಯಬೇಕು. ಅಜ್ಜಿಗೆ ಬರೆಯಲು ಬರುವುದಿಲ್ಲ, ಮೊಮ್ಮಗಳಿಗೆ ಹಾಡಲು ಬರುವುದಿಲ್ಲ, ಇಬ್ಬರನ್ನೂ ಒಂದು ವಹಿಯ ಮುಂದೆ ಕೂರಿಸಿದರೆ ಇಬ್ಬರ ಕೆಲಸವೂ ಆಗುತ್ತದೆ. ಶುದ್ಧಲೇಖನಕ್ಕೂ ಒಳ್ಳೆಯದು. ಮನೆಯಲ್ಲಿ ಹೊಸ ಸೊಸೆ ಮರಾಠಿಯವಳಿದ್ದರೆ ಆ ಹಾಡನ್ನು ಅವಳಿಗೆ ಓದಿ ತೋರಿಸಬೇಕು, ಅವಳ ತವರಿನ ಹಾಡನ್ನು ಕೇಳಿ ಅದನ್ನೂ ದೇವನಾಗರಿಯಲ್ಲಿ ಬರೆದು ತರಬೇಕು ಎಂದೂ ಹೇಳಿದ್ದೇನೆ. ನಮ್ಮ ಮಕ್ಕಳಿಗೆ ಎರಡೂ ಲಿಪಿ ಬರುತ್ತವೆ, ಅದು ನಮ್ಮ ಭಾಗ್ಯ.

ಪಾಲಕರಲ್ಲಿ ವಿನಂತಿ ಒಂದೇ. ಅರಿಷಿಣದ ದಿನ ಡಾಲ್ಬಿ ತರಿಸುವವರು ತರಿಸಿ, ಹುಡುಗರು ಕೇಳುವುದಿಲ್ಲವೆಂದು ನನಗೂ ಗೊತ್ತು. ಆದರೆ ಸುರಗಿಯ ಹೊತ್ತಿಗೆ ಒಂದು ತಾಸು ಅದನ್ನು ಬಂದ್ ಮಾಡಿಸಿ, ಅಜ್ಜಿಯರನ್ನು ಮುಂದೆ ಕರೆದು ಕೂರಿಸಿ.

ಸಹಶಿಕ್ಷಕರಿಗೆ ಒಂದು ಸೂಚನೆ. ಮಕ್ಕಳು ತರುವ ಹಾಡುಗಳಲ್ಲಿ ಮರಾಠಿ ಶಬ್ದಗಳು ಬೇಕಾದಷ್ಟು ಇರುತ್ತವೆ, ಉರ್ದು ಶಬ್ದಗಳೂ ಇರುತ್ತವೆ. ದಯವಿಟ್ಟು ಕೆಂಪು ಪೆನ್ನು ಹಿಡಿದು ಅವನ್ನು ತಿದ್ದಬೇಡಿ. ಅಜ್ಜಿ ಹೇಗೆ ಹಾಡಿದಳೋ ಹಾಗೆಯೇ ಇರಲಿ. ವಹಿಗಳು ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹೋಗದಂತೆ ಶಾಲೆಯ ಕಪಾಟಿನಲ್ಲಿ ಒಂದು ಖಾನೆ ತೆರವು ಮಾಡಿಡಿ. ಜತ್ತ ಮತ್ತು ಅಕ್ಕಲಕೋಟ ಕಡೆಯ ಶಾಲೆಗಳವರೂ ಇದನ್ನು ಮಾಡಿದರೆ ಬೇಸಿಗೆ ರಜೆಯಲ್ಲಿ ಒಂದು ದಿನ ಮಿರಜದಲ್ಲಿ ಕೂಡಿ, ಯಾವ ಊರಿನಲ್ಲಿ ಯಾವ ಹಾಡು ಇದೆ, ಯಾವುದು ಹೋಗಿದೆ ಎಂದು ನೋಡಬಹುದು. ಬರುವವರು ವಹಿಗಳನ್ನು ಜೊತೆಗೆ ತನ್ನಿ.